ದಂಡ, ರಿಯಾಯಿತಿ, ತಾರೀಖು: ಮೂರು ಬಾಡಿಗೆ ಮನೆಯಲ್ಲಿ ಎಲ್ಲವನ್ನೂ ಮಾಡಿ ನೋಡಿದ್ದು

ಬೆಂಗಳೂರಿನ ಲಗ್ಗೆರೆಯಲ್ಲಿ ನಮ್ಮದು ಚಿಕ್ಕ ಸೈಟು. ಕೆಳಗೆ ನಾವು, ಮೇಲೆ ಮೂರು ಬಾಡಿಗೆ ಮನೆ, ತಲಾ 8,000. ಸಾಲದ ಕಂತು 7ನೇ ತಾರೀಖಿಗೆ ಕಟ್ ಆಗುತ್ತೆ. ಹಾಗಾಗಿ ಬಾಡಿಗೆ 5ಕ್ಕೆ ಅಂತ ಕರಾರಿನಲ್ಲಿ ಬರೆಸಿದ್ದೆ. ಒಂದು ಮನೆಯವರು ತಪ್ಪದೆ ಕೊಡುತ್ತಿದ್ದರು. ಮೇಲಿನ ಕ್ಯಾಬ್ ಡ್ರೈವರ್ ಹುಡುಗ ಮಾತ್ರ 5 ದಾಟಿದರೆ ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದ, ನನಗೆ ಸದ್ದು ಕೇಳಬಾರದು ಅಂತ.

ಮೊದಲು ದಂಡ ಹಾಕಿ ನೋಡಿದೆ. 5 ಕಳೆದರೆ ದಿನಕ್ಕೆ 50 ರೂಪಾಯಿ. ಅವನು 20ಕ್ಕೆ ಬಂದು ಬಾಡಿಗೆಯ ಜೊತೆ 750 ಎಣಿಸಿಕೊಟ್ಟ, ಮುಂದಿನ ತಿಂಗಳು 25ಕ್ಕೆ ಬಂದ. ಕೇಳಿದರೆ "ದಂಡ ಕೊಡ್ತಿದೀನಲ್ಲ ಆಂಟಿ" ಅಂದ. ತಡ ಮಾಡೋಕೆ ನಾನೇ ಟಿಕೆಟ್ ಮಾರಿದ ಹಾಗಾಯ್ತು. ಇನ್ನೊಂದು ಮನೆಯಾಕೆ ಬಾಡಿಗೆ ಕೊಟ್ಟು ದಂಡ ಮಾತ್ರ ಉಳಿಸಿಕೊಂಡಳು. ನನ್ನ ನೋಟ್‌ಬುಕ್ಕಿನಲ್ಲಿ ಆ ಬಾಕಿ ಬೆಳೆಯುತ್ತಾ ಹೋಯ್ತು, ನಮ್ಮಿಬ್ಬರ ಮಾತು ಕಮ್ಮಿಯಾಗುತ್ತಾ ಬಂತು.

ಆಮೇಲೆ ಉಲ್ಟಾ ಮಾಡಿದೆ. ಬಾಡಿಗೆ 8,500, 5ರೊಳಗೆ ಕೊಟ್ಟರೆ 500 ಬಿಡ್ತೀನಿ ಅಂತ. ಮನಸ್ತಾಪ ಇಲ್ಲ ನಿಜ. ಆದರೆ ಅದರ ಲಾಭ ತಗೊಂಡಿದ್ದು ಮೊದಲೇ ಸರಿಯಾಗಿ ಕೊಡುತ್ತಿದ್ದವರು. ಡ್ರೈವರ್ ತಡ ಮಾಡಿಯೂ 8,000ವೇ ಕಳಿಸಿ, "ಉಳಿದದ್ದು ಆಮೇಲೆ" ಅಂತ ಕೈ ಮುಗಿದ.

ಕೊನೆಗೆ ಬುದ್ಧಿ ಬಂದಿದ್ದು ದಂಡ ಬಾಕಿ ಉಳಿಸಿಕೊಂಡಿದ್ದ ಆ ಮನೆಯಾಕೆಯ ಹತ್ತಿರ ಕೂತು ಕಾಫಿ ಕುಡಿಯುವಾಗ. ಆಕೆ ಕೆಲಸಕ್ಕೆ ಹೋಗುವುದು ದೊಡ್ಡ ಗಾರ್ಮೆಂಟ್ಸಿಗೆ. ಸಾವಿರ ಜನಕ್ಕೆ ಕಮ್ಮಿಯಿಲ್ಲದ ಕಾರ್ಖಾನೆ ಸಂಬಳ ಕೊಡಲು 1936ರ ವೇತನ ಪಾವತಿ ಕಾಯ್ದೆ 10ನೇ ತಾರೀಖಿನವರೆಗೆ ಅವಕಾಶ ಕೊಟ್ಟಿತ್ತು. ಬಾರದ ಸಂಬಳದಲ್ಲಿ ಆಕೆ 5ಕ್ಕೆ ಎಲ್ಲಿಂದ ತರಬೇಕು? ತಾರೀಖನ್ನು 11ಕ್ಕೆ ಹಾಕಿದೆ, ನನ್ನ ಒಂದು ಕಂತಿನ ದುಡ್ಡನ್ನು ಖಾತೆಯಲ್ಲಿ ಮುಂಚೆಯೇ ಬಿಟ್ಟೆ. ಅಲ್ಲಿಂದೀಚೆಗೆ ಆಕೆ ಒಂದು ದಿನವೂ ತಪ್ಪಿಸಿಲ್ಲ.

ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವುದನ್ನೂ ಮಾಡಿದ್ದೇನೆ, ಇನ್ನು ಮಾಡಲ್ಲ. ಹಿಂದೊಬ್ಬರು 60,000 ಅಡ್ವಾನ್ಸ್ ಕೊಟ್ಟಿದ್ದರು. ಐದು ತಿಂಗಳ ಬಾಡಿಗೆ ಅದರಲ್ಲೇ ಕರಗಿತು. ಉಳಿದ 20,000ದಲ್ಲಿ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿದಿದ್ದಕ್ಕೆ ರಾತ್ರಿ ಹತ್ತಕ್ಕೆ ಗೇಟಿನ ಹತ್ತಿರ ಜಗಳ. "ನೀರಿನ ವಾಲ್ವ್ ತಿರುಗಿಸಿಬಿಡಿ" ಅಂತ ಪಕ್ಕದ ಮನೆಯವರು ಸಲಹೆ ಕೊಟ್ಟಿದ್ದರು. ಮಗು ಇರುವ ಮನೆ, ನನಗೆ ಕೈ ಬರಲಿಲ್ಲ.

ಇನ್ನು ಬಾಡಿಗೆ ಏರಿಸುವುದು. ವರ್ಷ ಮೀರಿದರೆ ಕರಾರು ರಿಜಿಸ್ಟರ್ ಮಾಡಿಸಲೇಬೇಕು, ಅದಕ್ಕೇ ಎಲ್ಲರೂ 11 ತಿಂಗಳಿಗೆ ಬರೆಸುವುದು. ಒಂದು ಮನೆಗೆ ಪ್ರತಿ ಸಲ ಶೇ. 5 ಅಂತ ಮೊದಲೇ ಬರೆದೆ: 8,000, 8,400, 8,820. ಯಾರೂ ಚಕಾರ ಎತ್ತಲಿಲ್ಲ. ಇನ್ನೊಂದು ಮನೆಗೆ ದಾಕ್ಷಿಣ್ಯಕ್ಕೆ ಮೂರು ಕರಾರು ಮುಗಿಯುವವರೆಗೂ ಏರಿಸದೆ, ಒಮ್ಮೆಗೇ 10,000 ಕೇಳಿದೆ. ಅವರು ಖಾಲಿ ಮಾಡಿದರು. ಅದೇ ಶೇ. 5ರ ಲೆಕ್ಕದಲ್ಲಿ ಏರಿಸದೆ ಬಿಟ್ಟಿದ್ದು 13,420, ಟು-ಲೆಟ್ ಬೋರ್ಡ್ ತೂಗಿದ ಎರಡು ತಿಂಗಳಿಗೆ ಇನ್ನೊಂದು 16,000. ದಾಕ್ಷಿಣ್ಯದ ಬೆಲೆ ಸುಮಾರು ಮೂವತ್ತು ಸಾವಿರ!

ಈ ತಲೆನೋವೇ ಬೇಡ ಅಂತ ಒಮ್ಮೆ 5 ಲಕ್ಷಕ್ಕೆ ಲೀಸ್ ಹಾಕಿದ್ದೆವು, ಊರಿನ ಕಡೆ ಭೋಗ್ಯ ಅಂತಾರಲ್ಲ, ಅದೇ. ಬಾಡಿಗೆ ಕೇಳುವಂತಿಲ್ಲ, ಏರಿಸುವಂತಿಲ್ಲ, ಮೂರು ವರ್ಷ ನೆಮ್ಮದಿ. ಶೇ. 7ರ ಬಡ್ಡಿ ಲೆಕ್ಕ ಹಿಡಿದರೂ ತಿಂಗಳಿಗೆ ಮೂರು ಸಾವಿರ ಹುಟ್ಟದ ದುಡ್ಡು ಅದು. ನಮ್ಮಲ್ಲಿ ಅದೂ ಹುಟ್ಟಲಿಲ್ಲ, ಮಗಳ ಮದುವೆಗೆ ಖರ್ಚಾಯ್ತು. ಅವಧಿ ಮುಗಿದಾಗ ಹೊಸಬರನ್ನು ಹುಡುಕಿ, ಅವರ ದುಡ್ಡನ್ನು ಹಳಬರಿಗೆ ಕೊಟ್ಟು ಪಾರಾದೆವು.

ಡ್ರೈವರ್ ಹುಡುಗನಿಗೆ ಯಾವ ತಾರೀಖೂ ಒಗ್ಗಲಿಲ್ಲ, ಅವನದು ದಿನದ ದುಡಿಮೆ. ಈಗ ಪ್ರತಿ ಸೋಮವಾರ 2,000 ಫೋನ್‌ಪೇ ಮಾಡ್ತಾನೆ, ಚಪ್ಪಲಿ ಕಾಲಲ್ಲೇ ಇರುತ್ತೆ. ತಿಂಗಳಲ್ಲಿ ಐದು ಸೋಮವಾರ ಬಿದ್ದರೆ ಮಾತ್ರ ಮೆಟ್ಟಿಲ ಹತ್ತಿರ ನಿಂತು ಕೇಳ್ತಾನೆ: "ಆಂಟಿ, ಈ ವಾರ ರಜಾ ಅಲ್ವಾ?"