ಪಾಚಿಯೆಣ್ಣೆಯ ಕ್ಯಾಪ್ಸೂಲ್: ಎರಡು ಡಬ್ಬಿ ಮುಗಿಸಿದ ಮೇಲೆ

ಜೋಳದ ರೊಟ್ಟಿಯೊಂದಿಗೆ ಅಗಸೆ ಚಟ್ನಿಪುಡಿ ತಪ್ಪದ ಮನೆ ನಮ್ಮದು. ಆದರೆ ಅಗಸೆಯಲ್ಲಿರುವುದು ಎಎಲ್ಎ ಎಂಬ ಒಮೆಗಾ-3 ಕೊಬ್ಬಿನಾಮ್ಲ. ಮಿದುಳು, ಕಣ್ಣುಗಳಲ್ಲಿ ಹೇರಳವಾಗಿರುವ ಡಿಎಚ್ಎ ಎಂಬ ಇನ್ನೊಂದು ಒಮೆಗಾ-3 ಆಗಿ ಅದನ್ನು ದೇಹ ಮಾರ್ಪಡಿಸಿಕೊಳ್ಳುವುದು ಅತ್ಯಲ್ಪ. ಮೀನಿಗೂ ಡಿಎಚ್ಎ ದೊರೆಯುವುದು ಮೂಲತಃ ಸಮುದ್ರದ ಸೂಕ್ಷ್ಮಪಾಚಿಗಳಿಂದಲೇ ಎಂದು ತಿಳಿದ ಮೇಲೆ, ಮೀನು ಮುಟ್ಟದ ನಾವು ಆ ಮೂಲಕ್ಕೇ ಹೋಗಬಹುದಲ್ಲ ಎಂದುಕೊಂಡು ದಾವಣಗೆರೆಯ ಔಷಧದಂಗಡಿಯೊಂದರಲ್ಲಿ ಅರವತ್ತು ಕ್ಯಾಪ್ಸೂಲುಗಳ ಡಬ್ಬಿಯನ್ನು ಕೊಂಡೆ.

ಅಂಗಡಿಯವರು ಮೊದಲು ಮುಂದಿಟ್ಟದ್ದು ಸ್ಪಿರುಲಿನಾ ಎಂಬ ನೀಲಿಹಸಿರು ಪಾಚಿಯ ಮಾತ್ರೆ. "ಎಲ್ಲಾ ಒಂದೇ" ಎಂದರು. ಖಂಡಿತ ಒಂದೇ ಅಲ್ಲ. ಸ್ಪಿರುಲಿನಾದಲ್ಲಿ ಪ್ರೋಟೀನ್ ಧಾರಾಳವಾಗಿದ್ದರೂ ಡಿಎಚ್ಎ ಇಲ್ಲವೆಂದೇ ಹೇಳಬೇಕು. ಸಸ್ಯಾಹಾರಿಗಳು ಆಸೆಪಡುವ ಬಿ12 ಕೂಡ ಅದರಲ್ಲಿ ಬಹುಪಾಲು ನಮ್ಮ ದೇಹಕ್ಕೆ ಒದಗದ ರೂಪದಲ್ಲಿದೆ.

ನನ್ನ ಮುಖ್ಯ ತಕರಾರು ಲೇಬಲ್ಲಿನ ಮೇಲೆ. ಮುಂಬದಿಯಲ್ಲಿ ದಪ್ಪಕ್ಷರದ 500 ಮಿ.ಗ್ರಾಂ ಎಂಬುದು ಎಣ್ಣೆಯ ತೂಕ. ಡಿಎಚ್ಎ 200 ಮಿ.ಗ್ರಾಂ ಮಾತ್ರವೆಂಬುದನ್ನು ಹಿಂಬದಿಯಲ್ಲಿ ಕನ್ನಡಕ ಹಾಕಿಕೊಂಡು ಹುಡುಕಬೇಕು. ವಯಸ್ಕರಿಗೆ ಇಪಿಎ ಎಂಬ ಮತ್ತೊಂದು ಒಮೆಗಾ-3, ಡಿಎಚ್ಎ ಎರಡೂ ಸೇರಿ ದಿನಕ್ಕೆ ಸುಮಾರು 250 ಮಿ.ಗ್ರಾಂ ಎಂಬುದು ಸಾಮಾನ್ಯ ಶಿಫಾರಸು. ಹೀಗಾಗಿ ದಿನಕ್ಕೆರಡು ನುಂಗಿ, ಎರಡು ತಿಂಗಳಿಗೆಂದು 900 ರೂಪಾಯಿ ತೆತ್ತ ಡಬ್ಬಿಯನ್ನು ಒಂದೇ ತಿಂಗಳಲ್ಲಿ ಬರಿದು ಮಾಡಿದೆ. ಬೆಲೆಯನ್ನು ಹೋಲಿಸುವವರು ಡಿಎಚ್ಎ ಅಂಕಿಯನ್ನೇ ಹಿಡಿಯಬೇಕು.

ಡಬ್ಬಿಯ ಮೇಲೆ ಅಲೆಗಳಲ್ಲಿ ತೂಗುವ ಹಸಿರು ಎಲೆಗಳ ಚಿತ್ರವಿದೆ. ಒಳಗಿರುವುದು ಸ್ಕಿಜೋಕೈಟ್ರಿಯಂ ಎಂಬ ಸಮುದ್ರಮೂಲದ ಜೀವಿಯ ಎಣ್ಣೆ. ಅದು ಹಸಿರೂ ಅಲ್ಲ, ಅದಕ್ಕೆ ಬಿಸಿಲೂ ಬೇಡ. ಮುಚ್ಚಿದ ತೊಟ್ಟಿಗಳಲ್ಲಿ ಸಕ್ಕರೆ ಉಣಿಸಿ, ಹೆಚ್ಚುಕಡಿಮೆ ಯೀಸ್ಟಿನಂತೆ ಬೆಳೆಸುತ್ತಾರೆ. ಕಡಲಿನ ಪಾದರಸ ಸೇರುವ ಭಯವಿಲ್ಲದ ಈ ವಿಧಾನ ನನಗೆ ಒಪ್ಪಿಗೆಯೇ. ಒಪ್ಪಿಗೆಯಿಲ್ಲದ್ದು ಆ ಚಿತ್ರ.

ಎರಡನೆಯ ಡಬ್ಬಿಯನ್ನು ಏಪ್ರಿಲ್‌ನಲ್ಲಿ, ಗಾಜಿನ ಕಪಾಟಿನ ಬಿಸಿಲಿನಿಂದ ತೆಗೆದುಕೊಟ್ಟರು. ಮುಚ್ಚಳ ತೆರೆದರೆ ಕ್ಯಾಪ್ಸೂಲುಗಳು ಒಂದಕ್ಕೊಂದು ಅಂಟಿ, ಹಳಸಿದ ಮೀನಿನ ವಾಸನೆ! ಶಾಖ, ಗಾಳಿ, ಬೆಳಕಿಗೆ ಡಿಎಚ್ಎ ಬೇಗ ಕೆಡುತ್ತದೆ. ಕೆಟ್ಟಾಗ ಮೀನಿನ ಗಂಧವೇ ಬರುತ್ತದೆ. ನಮ್ಮ ಅಡುಗೆಮನೆಗೆ ಆ ವಾಸನೆ ಹೊಸದು. ಗೊಣಗುತ್ತಲೇ ಬದಲಾಯಿಸಿಕೊಟ್ಟರು, ಅದನ್ನು ಫ್ರಿಜ್ಜಿನಲ್ಲಿಟ್ಟೆ, ಕೆಡಲಿಲ್ಲ.

ನೆನಪಿನ ಶಕ್ತಿ ಹೆಚ್ಚಿತೆಂದು ಹೇಳಲಾರೆ. ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬನ್ನು ಇಳಿಸಲು ಬೇಕಾದದ್ದು ಗ್ರಾಂಗಳ ಲೆಕ್ಕದ ಒಮೆಗಾ-3, ಅದು ವೈದ್ಯರು ನಿರ್ಧರಿಸಬೇಕಾದ ಮಾತು. ರಕ್ತ ತೆಳುಮಾಡುವ ಮಾತ್ರೆ ಸೇವಿಸುವವರಂತೂ ಕೇಳದೆ ಆರಂಭಿಸಬಾರದು. ಮೂರನೆಯ ಡಬ್ಬಿಯನ್ನು ಮಳೆಗಾಲ ಹಿಡಿದ ಮೇಲೆ, ನೆರಳಿನಲ್ಲಿ ದಾಸ್ತಾನಿಡುವ ಬೇರೆ ಅಂಗಡಿಯಲ್ಲಿ ಕೊಳ್ಳುವೆನು.