ಮುರುಗಲ ತುಪ್ಪ: ಮನೆಯಲ್ಲೇ ಮಾಡುವ ಮುಖದ ಮಾಯಿಶ್ಚರೈಸರ್‌ಗೆ ಎಷ್ಟು ಯೋಗ್ಯ?

ಹಿಮ್ಮಡಿ ಒಡೆದರೆ ಮುರುಗಲ ತುಪ್ಪ ಹಚ್ಚು ಎನ್ನುವುದು ಶಿರಸಿ, ಸಿದ್ದಾಪುರ, ಹೊನ್ನಾವರ, ಕುಮಟಾ ಕಡೆಯ ಮನೆಗಳಲ್ಲಿ ಹಳೆಯ ಮಾತು. ಚಳಿಗಾಲದ ತುಟಿಗೂ ಅದೇ ಮದ್ದು. ದಕ್ಷಿಣ ಕನ್ನಡದವರು ಪುನರ್ಪುಳಿ ಎನ್ನುವ ಹಣ್ಣಿನ ಬೀಜದಿಂದ ತೆಗೆದ ಕೊಬ್ಬು ಇದು. ಕಾಸ್ಮೆಟಿಕ್ ಕಚ್ಚಾವಸ್ತು ಮಾರುವವರು ಇದನ್ನೇ ಕೋಕಂ ಬಟರ್ ಎಂದು ಡಬ್ಬಿಗೆ ತುಂಬಿ ಕೊಡುತ್ತಾರೆ. ಮುಖಕ್ಕೆ ಹಚ್ಚುವ ಮಾಯಿಶ್ಚರೈಸರ್‌ಗೆ ಇದು ಆಧಾರವಾಗಬಲ್ಲದೇ? ಒಣ ಚರ್ಮದವರಿಗೆ ಖಂಡಿತ ಆಗುತ್ತದೆ, ಐದಕ್ಕೆ ನಾಲ್ಕೂವರೆ ಅಂಕ ಕೊಡಬಹುದು. ಎಣ್ಣೆ ಚರ್ಮಕ್ಕೆ ಎರಡಕ್ಕಿಂತ ಹೆಚ್ಚು ಕೊಡಲಾಗದು. ಮೂಗಿನ ಪಕ್ಕ, ಹುಬ್ಬಿನಲ್ಲಿ ಹೊಟ್ಟಿನಂತೆ ಏಳುವ ತೊಂದರೆ ಇದ್ದವರು ಇದರ ತಂಟೆಗೇ ಹೋಗಬಾರದು. ಅದಕ್ಕೆ ಕಾರಣವಾಗುವ ಶಿಲೀಂಧ್ರಕ್ಕೆ ಎಣ್ಣೆಯೇ ಆಹಾರ.

ಮನೆಯ ಮಾಯಿಶ್ಚರೈಸರ್ ಎಂದೊಡನೆ ಹೆಚ್ಚಿನವರ ಕೈ ತೆಂಗಿನೆಣ್ಣೆಯ ಕಡೆ ಹೋಗುತ್ತದೆ. ತೆಂಗಿನೆಣ್ಣೆ 24 ಡಿಗ್ರಿಗೇ ಕರಗುತ್ತದೆ. ಮುಖಕ್ಕೆ ಹಚ್ಚಿದ ಕೂಡಲೇ ಹರಿದು ಜಿಡ್ಡಾಗುತ್ತದೆ, ಹಲವರಿಗೆ ಮೊಡವೆಯನ್ನೂ ತರುತ್ತದೆ. ಮುರುಗಲ ತುಪ್ಪದ ಗುಣವೇ ಬೇರೆ. ಅದರಲ್ಲಿ ಸ್ಟಿಯರಿಕ್ ಆಮ್ಲ ಎಂಬ ಗಟ್ಟಿ ಕೊಬ್ಬಿನಾಮ್ಲ ಅರ್ಧಕ್ಕಿಂತ ಹೆಚ್ಚು, ಉಳಿದದ್ದರಲ್ಲಿ ದೊಡ್ಡ ಪಾಲು ಓಲಿಯಿಕ್ ಆಮ್ಲ. ಹಾಗಾಗಿ ಅದು ಕರಗುವುದು 38ರಿಂದ 42 ಡಿಗ್ರಿಯಲ್ಲಿ. ಕೋಣೆಯ ಬಿಸಿಯಲ್ಲಿ ಕಲ್ಲಿನಂತೆ ಗಟ್ಟಿ, ಮುರಿದರೆ ಚಟ್ಟನೆ ತುಂಡಾಗುತ್ತದೆ. ಬೇರೆ ಎಣ್ಣೆಯ ಜೊತೆ ಬೆರೆಸಿ ತೆಳುವಾಗಿ ಸವರಿದರೆ ಚರ್ಮದ ಮೇಲೆ ಒಂದು ಪದರವಾಗಿ ಕೂರುತ್ತದೆ, ಸೋರುವುದಿಲ್ಲ. ಜಿಡ್ಡು ಕಡಿಮೆ ಎನಿಸುವುದು ಇದರಿಂದಲೇ. ಅದೇ ಗಟ್ಟಿತನದಿಂದಾಗಿ ಅದನ್ನೊಂದನ್ನೇ ಮುಖಕ್ಕೆ ತಿಕ್ಕುವುದು ತಪ್ಪು, ಚರ್ಮ ಎಳೆದಂತಾಗಿ ಕೆಂಪಾಗುತ್ತದೆ.

ಪೇಟೆಯಲ್ಲಿ ಸಿಗುವುದು ಎರಡು ಬಗೆ. ಒಂದು, ಮನೆಗಳಲ್ಲಿ ತೆಗೆದ ಉಂಡೆ. ಬೇಸಿಗೆಯಲ್ಲಿ ಹಣ್ಣಿನ ಸಿಪ್ಪೆಯನ್ನು ಶರಬತ್ತಿಗೂ ಸಾರಿಗೂ ತೆಗೆದ ಮೇಲೆ ಉಳಿಯುವ ಬೀಜವನ್ನು ಒಣಗಿಸಿ, ಸಿಪ್ಪೆ ಬಿಡಿಸಿ, ಒಳಗಿನ ತಿರುಳನ್ನು ಕುಟ್ಟಿ ನೀರಿನಲ್ಲಿ ಕುದಿಸುತ್ತಾರೆ. ಮೇಲೆ ತೇಲಿದ ಕೊಬ್ಬನ್ನು ತೆಗೆದು, ಆರಿದ ಮೇಲೆ ಉಂಡೆ ಕಟ್ಟುತ್ತಾರೆ. ಬಣ್ಣ ನಸುಹಳದಿ ಅಥವಾ ಬೂದು. ವಾಸನೆ ಸ್ವಲ್ಪ ಬೀಜದ್ದು, ಸ್ವಲ್ಪ ಒಲೆಯ ಹೊಗೆಯದು. ಇನ್ನೊಂದು, ಯಂತ್ರದಲ್ಲಿ ಶುದ್ಧೀಕರಿಸಿದ ಬಿಳಿ ಬಿಲ್ಲೆ ಅಥವಾ ಚೂರು. ಅದಕ್ಕೆ ವಾಸನೆಯೇ ಇಲ್ಲ. ಮುಖದ ಕೆಲಸಕ್ಕೆ ಶುದ್ಧೀಕರಿಸಿದ್ದು ಅನುಕೂಲ, ಪ್ರತಿ ಸಲವೂ ಒಂದೇ ಹದ ಬರುತ್ತದೆ. ಆದರೂ ಒಳ್ಳೆಯ ಉಂಡೆ ಸಿಕ್ಕರೆ ಬಿಡುವುದು ಬೇಡ. ಅಡಿಕೆ ತೋಟದ ಬದಿಯ ಮರದ ಬೀಜಕ್ಕೂ ಬೆಲೆ ಕಟ್ಟುವ ಕೆಲಸ ಅದು, ಉಳಿಯಬೇಕು.

ಉಂಡೆಯನ್ನು ನೇರವಾಗಿ ಬಳಸಬಾರದು. ನೀರಿನಲ್ಲಿ ಕುದಿಸಿ ತೆಗೆದದ್ದರಿಂದ ಒಳಗೆ ನೀರಿನ ಹನಿಯೂ ಬೀಜದ ಪುಡಿಯೂ ಉಳಿದಿರುತ್ತವೆ, ಬೂಸ್ಟು ಹಿಡಿಯುವುದು ಅಲ್ಲಿಂದಲೇ. ಬೆಣ್ಣೆ ಕಾಯಿಸಿದ ಹಾಗೆ ಸಣ್ಣ ಉರಿಯಲ್ಲಿ ಕರಗಿಸಿ, ಚಟಪಟ ಸದ್ದು ಪೂರ್ತಿ ನಿಂತ ಮೇಲೆ ಇಳಿಸಿ, ನಾಲ್ಕು ಪದರದ ತೆಳು ಹತ್ತಿ ಬಟ್ಟೆಯಲ್ಲಿ ಸೋಸಬೇಕು. ತಳದ ಗಸಿಯನ್ನು ಪಾತ್ರೆಯಲ್ಲೇ ಬಿಡಬೇಕು.

ಕೊಳ್ಳುವಾಗ ಮೊದಲು ಹೆಬ್ಬೆರಳಿನಿಂದ ಒತ್ತಿ ನೋಡಿ. ಸಾಧಾರಣ ಬಿಸಿಲಿನ ದಿನ ಗುಳಿ ಬಿದ್ದರೆ ವನಸ್ಪತಿಯಂಥ ಮೆದು ಕೊಬ್ಬು ಬೆರೆತಿರುವ ಸಾಧ್ಯತೆ ಹೆಚ್ಚು. ಮುರಿದ ಮುಖ ಒಂದೇ ಬಣ್ಣದ್ದಾಗಿರಬೇಕು. ಹಳೆಯ ಶೇಂಗಾದ ಕಮಟು ವಾಸನೆ ಬಂದರೆ ಕೊಬ್ಬು ಕೆಟ್ಟಿದೆ ಎಂದೇ ಅರ್ಥ, ಯಾವ ಸುಗಂಧ ಹಾಕಿದರೂ ಅದು ಸರಿಹೋಗದು. ಕೆಟ್ಟ ಕೊಬ್ಬು ಮುಖ ಉರಿಸುತ್ತದೆ.

ನೀರಿಲ್ಲದ ಮುಲಾಮು

ಮನೆಯಲ್ಲಿ ಮಾಡುವುದಾದರೆ ನೀರಿಲ್ಲದ್ದನ್ನೇ ಮಾಡಿ. ಮನೆಯ ಕ್ರೀಮುಗಳು ಕೆಡುವುದು ಮುಖ್ಯವಾಗಿ ನೀರಿನಿಂದ. ನೀರಿಲ್ಲದ ಕಡೆ ಬ್ಯಾಕ್ಟೀರಿಯ, ಬೂಸ್ಟು ಬೆಳೆಯಲಾರವು. ಮುರುಗಲ ತುಪ್ಪದ ನಿಜವಾದ ಬೆಲೆ ಇರುವುದೂ ಇಲ್ಲೇ: ನೀರು ಸೇರಿಸದೆಯೂ ಮುಖಕ್ಕೆ ಒಗ್ಗುವ ಹದ ಬರುತ್ತದೆ.

50 ಗ್ರಾಂ ಮುಲಾಮಿಗೆ ಮುರುಗಲ ತುಪ್ಪ 15 ಗ್ರಾಂ, ದ್ರವ ಎಣ್ಣೆ 33 ಗ್ರಾಂ, ಜೇನುಮೇಣ 1.5 ಗ್ರಾಂ, ವಿಟಮಿನ್ ಇ 0.5 ಗ್ರಾಂ. 0.1 ಗ್ರಾಂವರೆಗೆ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಬೇಕೇಬೇಕು. ಚಮಚದ ಲೆಕ್ಕದಲ್ಲಿ ಜೇನುಮೇಣ ಒಂದು ಗ್ರಾಂ ಹೆಚ್ಚಾದರೂ ಸಾಧಾರಣ ಹವೆಯಲ್ಲಿ ಮುಲಾಮು ಮುಖದ ಮೇಲೆ ಮೇಣದಂತೆ ಎಳೆಯುತ್ತದೆ.

ಎಣ್ಣೆ ಯಾವುದು ಎಂಬುದು ಚರ್ಮದ ಮೇಲೆ ನಿಂತಿದೆ. ತೀರ ಒಣ ಚರ್ಮಕ್ಕೆ ಸಿಹಿ ಬಾದಾಮಿ ಎಣ್ಣೆ ಅಥವಾ ಗಾಣದ ಎಳ್ಳೆಣ್ಣೆ. ಎಳ್ಳೆಣ್ಣೆ ಬೇಗ ಕೆಡದು, ಆದರೆ ವಾಸನೆ ಗಟ್ಟಿ, ಕೆಲವರಿಗೆ ಎಳ್ಳು ಅಲರ್ಜಿಯೂ ಇರುತ್ತದೆ. ಸಾಧಾರಣ ಚರ್ಮಕ್ಕೆ ವಿಜಯಪುರ, ಕಲಬುರಗಿ ಕಡೆಯ ಕುಸುಬೆ ಎಣ್ಣೆ ನನ್ನ ಮೊದಲ ಆಯ್ಕೆ. ಅದರಲ್ಲಿ ಲಿನೊಲೆಯಿಕ್ ಆಮ್ಲ ಹೆಚ್ಚು, ಹಗುರ, ಬೇಗ ಹಿಡಿಯುತ್ತದೆ. ಆದರೆ ಅದೇ ಆಮ್ಲದಿಂದಾಗಿ ಬೇಗ ಕಮಟುತ್ತದೆ ಕೂಡ, ಹಾಗಾಗಿ ಒಂದು ಸಲಕ್ಕೆ 50 ಗ್ರಾಂಗಿಂತ ಹೆಚ್ಚು ಮಾಡಬೇಡಿ. ಸಾಸಿವೆ ಎಣ್ಣೆ ಮುಖಕ್ಕೆ ಬೇಡವೇ ಬೇಡ.

ವಿಟಮಿನ್ ಇ ವಿಷಯದಲ್ಲಿ ಒಂದು ತಪ್ಪು ಎಲ್ಲೆಡೆ ಹರಡಿದೆ. ಮೆಡಿಕಲ್ ಶಾಪಿನ ಮಾತ್ರೆ ಒಡೆದು ಹಾಕಿದರೆ ಕ್ರೀಮು ಕೆಡುವುದಿಲ್ಲ ಎನ್ನುತ್ತಾರೆ. ಆ ಮಾತ್ರೆಗಳಲ್ಲಿ ಹೆಚ್ಚಿನವು ಟೊಕೊಫೆರಿಲ್ ಅಸಿಟೇಟ್, ಡಬ್ಬಿಯೊಳಗೆ ಅದು ಎಣ್ಣೆ ಕಮಟುವುದನ್ನು ತಡೆಯದು. ಲೇಬಲ್‌ನಲ್ಲಿ ಬರಿಯ ಟೊಕೊಫೆರಾಲ್ ಎಂದಿರುವುದು ಬೇಕು. ಅದೂ ಎಣ್ಣೆಯನ್ನು ಕಾಯುತ್ತದೆಯೇ ಹೊರತು ಬ್ಯಾಕ್ಟೀರಿಯವನ್ನು ಕೊಲ್ಲುವುದಿಲ್ಲ.

ಮಾಡುವ ಕ್ರಮ: ಅಗಲ ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಒಣಗಿದ ಸ್ಟೀಲ್ ಲೋಟ ಇಟ್ಟು ಎಣ್ಣೆ, ಜೇನುಮೇಣ ಎರಡನ್ನೂ ಮೊದಲು ಹಾಕಿ. ಜೇನುಮೇಣ ಕರಗಲು 62ರಿಂದ 64 ಡಿಗ್ರಿ ಬೇಕು. ಅದು ಪೂರ್ತಿ ಕರಗಿದ ಮೇಲೆ ಮುರುಗಲ ತುಪ್ಪ ಹಾಕಿ, ಒಂದು ಚೂರೂ ಉಳಿಯದಂತೆ ತಿಳಿಯಾಗುವವರೆಗೆ ಇಡಿ. ಕಣ್ಣಿಗೆ ಕಾಣದ ಚೂರು ಉಳಿದರೂ ಅದರ ಸುತ್ತ ಹರಳು ಕಟ್ಟುತ್ತದೆ. ಇಳಿಸಿ, ವಿಟಮಿನ್ ಇ ಬೆರೆಸಿ.

ಇನ್ನು ಮುಂದಿನ ಐದು ನಿಮಿಷವೇ ಮುಖ್ಯ. ಲೋಟವನ್ನು ಮಂಜುಗಡ್ಡೆ ಹಾಕಿದ ನೀರಿನಲ್ಲಿ ಇಟ್ಟು, ಅಂಚಿಗೆ ಅಂಟಿದ್ದನ್ನು ಕೆರೆಯುತ್ತ ಬಿಡದೆ ಕಲಕಿ. ನೀರುದೋಸೆಯ ಹಿಟ್ಟಿನ ಹದಕ್ಕೆ ಬಂದ ಕೂಡಲೇ ಡಬ್ಬಿಗೆ ಸುರಿದು, ಮುಚ್ಚಳ ಹಾಕದೆ ಫ್ರಿಜ್‌ನಲ್ಲಿ 20 ನಿಮಿಷ ಇಡಿ. ಬಿಸಿಯಿದ್ದಾಗಲೇ ಮುಚ್ಚಿದರೆ ಮುಚ್ಚಳದಲ್ಲಿ ಬೆವರಿ ಹನಿ ಬೀಳುತ್ತದೆ, ಮುಂದೆ ಆ ಹನಿಯ ಜಾಗದಲ್ಲೇ ಬೂಸ್ಟು.

ಮುಲಾಮು ಚಿರೋಟಿ ರವೆಯಂತೆ ಹರಳುಹರಳಾಯಿತು ಎನ್ನುವುದು ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ದೂರು. ತುಪ್ಪ ಕಲಬೆರಕೆ ಎಂದು ಅಂಗಡಿಯವರನ್ನು ಬೈಯುವ ಮೊದಲು ಆರಿಸಿದ ರೀತಿ ನೋಡಿಕೊಳ್ಳಬೇಕು. ನಿಧಾನವಾಗಿ ಆರಿದರೆ ಗಟ್ಟಿ ಕೊಬ್ಬು ಮೊದಲು ಹೆಪ್ಪುಗಟ್ಟಿ ಬೇರೆಯಾಗಿ ಹರಳಾಗುತ್ತದೆ. ಬೇಗ ಆರಿದರೆ ಆ ಅವಕಾಶ ಸಿಗದು. ಹರಳು ಕಟ್ಟಿದ್ದನ್ನು ಬಿಸಾಡಬೇಕಿಲ್ಲ. 70 ಡಿಗ್ರಿಗೆ ಮತ್ತೆ ಕರಗಿಸಿ, ಮತ್ತೆ ಮಂಜುಗಡ್ಡೆಯ ನೀರಿನಲ್ಲಿ ಕಲಕಿದರೆ ನಯವಾಗುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿಯಲ್ಲಿ 40 ಡಿಗ್ರಿ ದಾಟಿದಾಗ ಡಬ್ಬಿಯೊಳಗೆ ಕರಗಿ, ರಾತ್ರಿ ನಿಧಾನವಾಗಿ ಹೆಪ್ಪುಗಟ್ಟಿ ಹೀಗಾಗುವುದುಂಟು. ಆ ಊರುಗಳಲ್ಲಿ ಬೇಸಿಗೆಗೆ ಜೇನುಮೇಣ 3 ಗ್ರಾಂಗೆ ಏರಿಸಿ, ಎಣ್ಣೆಯನ್ನು ಅಷ್ಟೇ ಇಳಿಸಿದರೆ ತಡೆಯುತ್ತದೆ.

ಹಚ್ಚುವ ಪ್ರಮಾಣ ಒಂದು ತೊಗರಿಬೇಳೆಯಷ್ಟು. ಇದರಲ್ಲಿ ನೀರಿಲ್ಲ, ಆದ್ದರಿಂದ ಇದು ಚರ್ಮಕ್ಕೆ ತೇವ ಕೊಡುವುದಿಲ್ಲ, ಇರುವ ತೇವವನ್ನು ಹಿಡಿದಿಡುತ್ತದೆ. ಒಣ ಮುಖಕ್ಕೆ ಹಚ್ಚಿ ಏನೂ ಪ್ರಯೋಜನವಾಗಲಿಲ್ಲ ಎನ್ನುವವರು ಗಮನಿಸಬೇಕಾದದ್ದು ಇದು. ಮುಖ ತೊಳೆದು ಒತ್ತಿ ಒರೆಸಿ, ಇನ್ನೂ ಹಸಿ ಇರುವಾಗಲೇ, ಎರಡು ಮೂರು ನಿಮಿಷದೊಳಗೆ, ಅಂಗೈಯಲ್ಲಿ ಉಜ್ಜಿ ಕರಗಿಸಿ ಮುಖಕ್ಕೆ ಒತ್ತಬೇಕು. ರಾತ್ರಿ ಹಚ್ಚುವುದು ಉತ್ತಮ. ಬಿಸಿಲಿನಿಂದ ಇದು ಕಾಪಾಡುವುದಿಲ್ಲ, ಹಗಲಿಗೆ ಸನ್‌ಸ್ಕ್ರೀನ್ ಬೇರೆಯೇ ಬೇಕು.

ನೀರು ಸೇರಿದ ಲೋಷನ್

ಮುಲಾಮು ಭಾರವೆನಿಸುವವರಿಗೆ ಲೋಷನ್ ಬೇಕು. ಮಂಗಳೂರು, ಉಡುಪಿಯ ಸೆಕೆಗೆ ಇದೇ ಸರಿ. ಇಲ್ಲಿ ಮುರುಗಲ ತುಪ್ಪಕ್ಕೆ ಸಿಗುವ ಪಾತ್ರ ಚಿಕ್ಕದು, ಮಾಡುವವರಿಗೆ ಕೆಲಸ ಮಾತ್ರ ನಾಲ್ಕು ಪಟ್ಟು. ನೂರು ಗ್ರಾಂಗೆ: ಡಿಸ್ಟಿಲ್ಡ್ ವಾಟರ್ 68.5, ಗ್ಲಿಸರಿನ್ 4, ಮುರುಗಲ ತುಪ್ಪ 6, ಎಣ್ಣೆ 14, ಎಮಲ್ಸಿಫೈಯಿಂಗ್ ವ್ಯಾಕ್ಸ್ (ಎಣ್ಣೆ–ನೀರನ್ನು ಒಂದುಮಾಡುವ ಮೇಣ) 6, ಟೊಕೊಫೆರಾಲ್ 0.5, ಫಿನಾಕ್ಸಿಎಥನಾಲ್ ಇರುವ ಪ್ರಿಸರ್ವೇಟಿವ್ (ಬ್ಯಾಕ್ಟೀರಿಯ, ಬೂಸ್ಟು ತಡೆಯುವ ವಸ್ತು) 1 ಗ್ರಾಂ. ಬ್ಯಾಟರಿಗೆ ಹಾಕುವ ನೀರು ಬೇಡ, ಮೆಡಿಕಲ್ ಶಾಪ್ ಅಥವಾ ಲ್ಯಾಬ್ ಸಾಮಗ್ರಿಯ ಅಂಗಡಿಯದ್ದು ತನ್ನಿ.

ನೀರು–ಗ್ಲಿಸರಿನ್ ಒಂದರಲ್ಲಿ, ತುಪ್ಪ–ಎಣ್ಣೆ–ವ್ಯಾಕ್ಸ್ ಇನ್ನೊಂದರಲ್ಲಿ, ಎರಡನ್ನೂ 70ರಿಂದ 75 ಡಿಗ್ರಿಗೆ ತನ್ನಿ. ಕಾಯುವಾಗ ಆವಿಯಾದ ನೀರನ್ನು ತೂಕ ನೋಡಿ ತುಂಬಿಸಿ. ಎರಡನ್ನೂ ಸೇರಿಸಿ ಸಣ್ಣ ಹ್ಯಾಂಡ್ ಬ್ಲೆಂಡರ್‌ನಲ್ಲಿ ಒಂದೆರಡು ನಿಮಿಷ ತಿರುಗಿಸಿ, ನಡುನಡುವೆ ನಿಲ್ಲಿಸಿ. ಬ್ಲೆಂಡರಿನ ತಲೆ ಮೇಲಕ್ಕೆ ಎತ್ತಿದರೆ ಗಾಳಿ ಸೇರಿ ನೊರೆ ಬರುತ್ತದೆ. 40 ಡಿಗ್ರಿಗೆ ಇಳಿದ ಮೇಲೆ ಟೊಕೊಫೆರಾಲ್, ಪ್ರಿಸರ್ವೇಟಿವ್ ಹಾಕಿ. ಆಮ್ಲೀಯತೆ ಅಳೆಯುವ ಪಿಎಚ್ ಕಾಗದದಲ್ಲಿ 5ರಿಂದ 5.5 ಬರಬೇಕು. ಹೆಚ್ಚಿದ್ದರೆ ಸಿಟ್ರಿಕ್ ಆಮ್ಲ ಕರಗಿಸಿದ ನೀರನ್ನು ಹನಿಹನಿಯಾಗಿ ಹಾಕಿ ಇಳಿಸಬೇಕು. ಇದನ್ನು ಮೂರು ತಿಂಗಳೊಳಗೆ ಮುಗಿಸಿ.

ಲೋಷನ್ ಒಡೆದು ಎಣ್ಣೆ ಮೇಲೆ ಬಂದರೆ ಕಾರಣ ಸಾಮಾನ್ಯವಾಗಿ ಎರಡೇ. ಸೇರಿಸುವಾಗ ನೀರಿನ ಭಾಗ, ಎಣ್ಣೆಯ ಭಾಗ ಎರಡರಲ್ಲಿ ಒಂದು ತಣ್ಣಗಿತ್ತು, ಇನ್ನೊಂದು ಬಿಸಿಯಿತ್ತು. ಇಲ್ಲವೇ ಎಮಲ್ಸಿಫೈಯಿಂಗ್ ವ್ಯಾಕ್ಸ್ ಬದಲು ಜೇನುಮೇಣ ಹಾಕಲಾಗಿದೆ. ಎರಡಕ್ಕೂ ಮೇಣವೆಂದೇ ಹೆಸರು, ಕೆಲಸ ಬೇರೆ. ಜೇನುಮೇಣ ಗಟ್ಟಿಮಾಡುತ್ತದೆ ಅಷ್ಟೆ, ತಾನೊಂದೇ ಎಣ್ಣೆ–ನೀರನ್ನು ಒಂದುಮಾಡಲಾರದು.

ಪ್ರಿಸರ್ವೇಟಿವ್ ಎಂದರೆ ರಾಸಾಯನಿಕ, ಬೇಡ ಎನ್ನುವವರು ಬಹಳ. ಅವರ ಕಾಳಜಿ ಅರ್ಥವಾಗುತ್ತದೆ. ಆದರೆ ನೀರು ಇದ್ದು ಪ್ರಿಸರ್ವೇಟಿವ್ ಇಲ್ಲದ ಕ್ರೀಮನ್ನು ಕಣ್ಣಿನ ಹತ್ತಿರ ಹಚ್ಚುವುದು ಅದಕ್ಕಿಂತ ದೊಡ್ಡ ಅಪಾಯ. ಬೂಸ್ಟು ಕಣ್ಣಿಗೆ ಬೀಳುವ ಎಷ್ಟೋ ಮೊದಲೇ ಬ್ಯಾಕ್ಟೀರಿಯ ತುಂಬಿರುತ್ತದೆ, ಅದಕ್ಕೆ ವಾಸನೆಯೂ ಇರಬೇಕೆಂದಿಲ್ಲ. ಫ್ರಿಜ್ ಬೆಳವಣಿಗೆಯನ್ನು ನಿಧಾನಿಸುತ್ತದೆ, ನಿಲ್ಲಿಸುವುದಿಲ್ಲ. ಪ್ರಿಸರ್ವೇಟಿವ್ ಬೇಡವಾದರೆ ನೀರೂ ಬೇಡ, ಮೇಲಿನ ಮುಲಾಮಿಗೆ ಮರಳಿ.

ಹಿತ್ತಲಿನ ಲೋಳೆಸರದ ಗತಿಯೂ ಇದೇ. ಎಲೆ ಕೊಯ್ದು, ಕತ್ತರಿಸಿದ ಭಾಗ ಕೆಳಗೆ ಮಾಡಿ 15 ನಿಮಿಷ ನಿಲ್ಲಿಸಿ ಹಳದಿ ರಸ ಇಳಿಸಬೇಕು, ಆ ರಸ ಚರ್ಮಕ್ಕೆ ಉರಿ. ತಿಳಿ ಲೋಳೆಯನ್ನು ಆಗಲೇ ಮುಖಕ್ಕೆ ಹಚ್ಚಿ, ಮೇಲೆ ಮುಲಾಮು ಒತ್ತಿದರೆ ಚೆನ್ನ. ಅದನ್ನು ಡಬ್ಬಿಯೊಳಗೆ ಬೆರೆಸಿ ಇಟ್ಟರೆ ಕೆಡುತ್ತದೆ. ನಿಂಬೆರಸ, ಅಡುಗೆ ಸೋಡಾ, ದಾಲ್ಚಿನ್ನಿ ಯಾವುದೂ ಬೇಡ. ನಿಂಬೆ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟ ಕಲೆ ತಿಂಗಳುಗಟ್ಟಲೆ ಉಳಿಯಬಹುದು. ಪರಿಮಳ ಬೇಕೇಬೇಕೆಂದರೆ 50 ಗ್ರಾಂ ಮುಲಾಮಿಗೆ ಸುಗಂಧ ತೈಲ 0.25 ಗ್ರಾಂ ಮೀರಬಾರದು, ಸೂಕ್ಷ್ಮ ಚರ್ಮಕ್ಕೆ ಅದೂ ಬೇಡ.

ಮಾಡಿದ್ದನ್ನು ಮೊದಲು ಮೊಣಕೈಯ ಒಳಭಾಗದಲ್ಲಿ ಏಳು ದಿನ, ದಿನಕ್ಕೆ ಎರಡು ಸಲ ಹಚ್ಚಿ ನೋಡಿ. ತುರಿಕೆ, ಕೆಂಪು ಇಲ್ಲದಿದ್ದರೆ ಮುಖಕ್ಕೆ ಬನ್ನಿ. ಡಬ್ಬಿಯ ಮೇಲೆ ಮಾಡಿದ ದಿನಾಂಕ, ಯಾವ ಎಣ್ಣೆ ಎಂಬುದನ್ನು ಬರೆದಿಡಿ. ಒದ್ದೆ ಬೆರಳು ಅದ್ದದಂತೆ ಒಂದು ಒಣ ಸಣ್ಣ ಚಮಚ ಇಟ್ಟುಕೊಳ್ಳಿ. ಉಂಡೆ ಕೊಳ್ಳುವವರು ಮಾರುವವರನ್ನು ಒಂದು ಮಾತು ಕೇಳಲೇಬೇಕು: ಬೀಜ ಯಾವ ವರ್ಷದ್ದು? ಉತ್ತರ ತಡವರಿಸಿದರೆ ಮೂಗಿಗೆ ಹಿಡಿದು ನೋಡಿ, 100 ಗ್ರಾಂ ಮಾತ್ರ ತನ್ನಿ.