ಎರಕದ ಕಬ್ಬಿಣದ ಬಾಂಡ್ಲಿ: ಆಪಲ್ ಫ್ರಿಟರ್‌ಗೆ ಸೂಪರ್, ಆದ್ರೆ ಎಲ್ರಿಗೂ ತಗೊಳಿ ಅನ್ನಲ್ಲ

ಹತ್ತು ಇಂಚಿನ ಎರಕದ ಕಬ್ಬಿಣದ ಬಾಂಡ್ಲಿ, ಗುಂಡು ತಳ, ಎರಡು ಕಡೆ ಕಿವಿ, ತೂಕ ಎರಡೂವರೆ ಕೆಜಿ ಮೇಲೇ ಇದೆ, ಆನ್‌ಲೈನಲ್ಲಿ ತರ್ಸಿದ್ದು. ಕಂಪನಿ ಹೆಸ್ರು ಹಾಕ್ತಿಲ್ಲ, ಈ ಸೈಜಲ್ಲಿ ಯಾವ್ದು ತಗೊಂಡ್ರೂ ಹೆಚ್ಚುಕಮ್ಮಿ ಇದೇ ಕಥೆ. ಒಗ್ಗರಣೆ, ಪಲ್ಯ, ಚಿಕನ್‌ಗೆಲ್ಲ ಇದು ಹೆಂಗೆ ಅಂತ ಬೇಕಾದಷ್ಟು ಜನ ಬರ್ದಿದಾರೆ, ನಾನು ಹೇಳ್ತಿರೋದು ಸೇಬಿನ ಫ್ರಿಟರ್ ಕರಿಯೋಕೆ ಹೆಂಗಿದೆ ಅನ್ನೋದಷ್ಟೇ.

ನಮ್ ನಾದಿನಿ ಇರೋದು ಮಿಶಿಗನ್‌ನಲ್ಲಿ, ಅಲ್ಲಿ ಸೆಪ್ಟೆಂಬರ್ ಅಕ್ಟೋಬರ್ ಬಂತು ಅಂದ್ರೆ ಜನ ತೋಟಕ್ಕೇ ಹೋಗಿ ಸೇಬು ಕಿತ್ಕೊಂಡು ಬರೋದು, ಮನೇಲಿ ಫ್ರಿಟರ್ ಮಾಡೋದು, ಅವ್ರದ್ದು ಸಣ್ಣಗೆ ಹೆಚ್ಚಿದ ಸೇಬನ್ನ ಹಿಟ್ಟಲ್ಲೇ ಕಲ್ಸಿ ಉಂಡೆ ಉಂಡೆ ಬಿಟ್ಟು ಮೇಲೆ ಸಕ್ಕರೆ ಪಾಕ ಸುರಿಯೋದು. ನನಗೆ ಜರ್ಮನಿ ಕಡೆ ಮಾಡೋ ಥರ ಇಷ್ಟ, ಸೇಬನ್ನ ಬಿಲ್ಲೆ ಬಿಲ್ಲೆ ಕುಯ್ದು ಮಧ್ಯದ ಬೀಜ ತೆಗ್ದು ಹಿಟ್ಟಲ್ಲಿ ಅದ್ದಿ ಬಿಡೋದು, ಥೇಟ್ ಬಜ್ಜಿ. ನಮ್ಮತ್ತೆ ಮೊದಲ್ನೇ ಸಲ ನೋಡಿ "ಆಲೂಗೆಡ್ಡೆ ಬೆಳೆಯೋ ಊರಲ್ಲಿ ಸೇಬಲ್ಲಿ ಬಜ್ಜಿ ಮಾಡ್ತಾಳಲ್ಲಪ್ಪ ಇವ್ಳು" ಅಂದಿದ್ರು, ಈಗ ಕರೀತಾ ಇರುವಾಗ್ಲೇ ಬಂದು ಎರಡು ಎತ್ಕೊಂಡು ಹೋಗ್ತಾರೆ. ಹಾಸನದಲ್ಲೂ ಇದಕ್ಕೆ ಟೈಮ್ ಅದೇ. ಹಿಮಾಚಲದ ಸೇಬು, ಆಮೇಲೆ ಕಾಶ್ಮೀರದ್ದು, ಕಟ್ಟಿನಕೆರೆ ಮಾರ್ಕೆಟ್ ಕಡೆ ಹೋದ್ರೆ ರಾಶಿ ಹಾಕಿರ್ತಾರೆ, ಜೊತೆಗೆ ಹಾಸನಾಂಬೆ ಬಾಗ್ಲು ತೆಗೆಯೋದೂ ಅದೇ ಆಶ್ವಯುಜದಲ್ಲಿ, ವರ್ಷಕ್ಕೊಂದ್ಸಲ. ಈ ಊರಲ್ಲಿ ಮನೆ ಇರೋರಿಗೆ ಗೊತ್ತು ಅದ್ರ ಅರ್ಥ ಏನು ಅಂತ, ಕ್ಯೂ ನಿಂತು ಸುಸ್ತಾದ ನೆಂಟರೆಲ್ಲ ಸೀದಾ ಬಂದು ನಮ್ ಸೋಫಾ ಮೇಲೆ ಕೂತ್ಕೋತಾರೆ, ಕಾಫಿ ಜೊತೆ ಏನಾದ್ರೂ ಬಿಸಿಯಾಗಿ ಕೊಡ್ಲೇಬೇಕು.

ಬಾಂಡ್ಲಿ ಬೆಲೆ ಗೊತ್ತಾಗೋದು ಇಂಥ ದಿನ. ಸೇಬಲ್ಲಿ ನೂರಕ್ಕೆ ಎಂಬತ್ತೈದು ಭಾಗ ನೀರೇ. ತೆಳು ಅಲ್ಯೂಮಿನಿಯಂ ಬಾಂಡ್ಲಿಗೆ ನಾಕು ಬಿಲ್ಲೆ ಒಟ್ಟಿಗೆ ಬಿಟ್ರೆ ಆ ನೀರೆಲ್ಲ ಆವಿ ಆಗೋಕೆ ಎಣ್ಣೆ ಕಾವನ್ನ ಎಳ್ಕೊಂಬಿಡತ್ತೆ, ಗುಳ್ಳೆ ಪೂರ್ತಿ ಅಡಗೋಗತ್ತೆ, ಹಿಟ್ಟು ಸುಮ್ನೆ ಎಣ್ಣೆ ಕುಡ್ಕೊಂಡು ಕೂರತ್ತೆ, ತೆಗೆದ್ರೆ ಮೆತ್ತಗೆ ಜೋತು ಬೀಳತ್ತೆ. ಎರಕದ್ರಲ್ಲಿ ಹಂಗಾಗಲ್ಲ. ಕಬ್ಬಿಣ ಅಲ್ಯೂಮಿನಿಯಂನಷ್ಟು ಬೇಗ ಬಿಸಿ ಆಗಲ್ಲ, ನಿಜ, ಆದ್ರೆ ಇಷ್ಟು ತೂಕದ ಕಬ್ಬಿಣ ಒಂದ್ಸಲ ಕಾದ್ಮೇಲೆ ಅಷ್ಟೊಂದು ಶಾಖ ಒಳಗೇ ಇಟ್ಕೊಂಡಿರತ್ತಲ್ಲ, ಬಿಲ್ಲೆ ಬಿದ್ದಾಗ ಒಂದು ಕ್ಷಣ ಸದ್ದು ಕಮ್ಮಿಯಾಗಿ ಮತ್ತೆ ಜೋರಾಗತ್ತೆ. ಗುಳ್ಳೆ ಮೊದ್ಲು ದೊಡ್ಡದಾಗಿ ಸಿಡಿಸಿಡಿ ಅಂತ ಬರತ್ತೆ, ಆಮೇಲೆ ಸಣ್ಣದಾಗತ್ತೆ, ಅಂಚು ಜೇನಿನ ಬಣ್ಣಕ್ಕೆ ತಿರುಗತ್ತೆ, ಆವಾಗ ಮಗುಚಿ ಹಾಕಿದ್ರೆ ಸಾಕು. ಎಣ್ಣೆ 180 ಡಿಗ್ರಿ ಆಸುಪಾಸು ಇರ್ಬೇಕು, ಥರ್ಮಾಮೀಟರ್ ಇಲ್ದೋರು ಒಂದು ಹನಿ ಹಿಟ್ಟು ಬಿಡಿ, ತಳಕ್ಕೆ ಹೋಗಿ ತಕ್ಷಣ ಮೇಲೆ ಬಂದ್ರೆ ಸರಿ, ತಳಕ್ಕೇ ಹೋಗ್ದೆ ಅಲ್ಲೇ ಕಪ್ಪಾದ್ರೆ ಉರಿ ತಗ್ಗಿಸಿ.

ಗುಂಡು ತಳ ಆಗಿರೋದ್ರಿಂದ ಎಣ್ಣೆನೂ ಕಮ್ಮಿ ಸಾಕು, ಅರ್ಧ ಲೀಟ್ರಲ್ಲಿ ಬಿಲ್ಲೆ ಮುಳುಗುವಷ್ಟು ಆಳ ಸಿಗತ್ತೆ.

ಹಿಟ್ಟು ಕೇಳೋರಿಗೆ: ಒಂದು ಕಪ್ ಮೈದಾ, ಎರಡು ಚಮಚ ಅಕ್ಕಿಹಿಟ್ಟು, ಒಂದು ಟೀ ಸ್ಪೂನ್ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, ಮಜ್ಜಿಗೆ ಹಾಕಿ ಬಜ್ಜಿ ಹಿಟ್ಟಿಗಿಂತ ಒಂಚೂರು ಗಟ್ಟಿ ಕಲ್ಸಿ. ಮೊಟ್ಟೆ ಹಾಕೋರು ಹಾಕ್ತಾರೆ, ಹಬ್ಬದ ಟೈಮಲ್ಲಿ ನಮ್ಮನೇಲಿ ಆಗಲ್ಲ. ಹೆಚ್ಚಿದ ಸೇಬಿಗೆ ಮೊದ್ಲೇ ಸಕ್ಕರೆ ಉದುರಿಸ್ಬೇಡಿ, ನೀರು ಬಿಟ್ಕೊಂಡು ಹಿಟ್ಟೆಲ್ಲ ಜಾರೋಗತ್ತೆ, ಕರಿದು ತೆಗೆದ ತಕ್ಷಣ ಬಿಸಿ ಬಿಸಿ ಇರುವಾಗ್ಲೇ ಚಕ್ಕೆ ಪುಡಿ ಸಕ್ಕರೆ ಮಿಕ್ಸಲ್ಲಿ ಹೊರಳಿಸಿ. ಸೇಬು ಯಾವ್ದು ಅನ್ನೋದು ಮುಖ್ಯ ನೋಡಿ. ರೆಡ್ ಡೆಲಿಷಿಯಸ್ ಹಳೇದಾದ್ರೆ ಒಳಗೆ ಹಿಟ್ಟು ಹಿಟ್ಟಾಗಿರತ್ತೆ, ಅದು ಬೇಡ್ವೇ ಬೇಡ. ಕಿನ್ನೌರ್ ಸೇಬು ಸೀಸನ್ ಕೊನೇಲಿ ಬರತ್ತೆ, ಗಟ್ಟಿ ಇರತ್ತೆ, ಚೆನ್ನಾಗಿ ನಿಲ್ಲತ್ತೆ. ಸ್ಟಿಕರ್ ಅಂಟ್ಸಿರೋ ಹಸಿರು ಗ್ರ್ಯಾನಿ ಸ್ಮಿತ್ ಹುಳಿ ಇರೋದ್ರಿಂದ ಎಲ್ಲಕ್ಕಿಂತ ಚೆನ್ನ, ಆದ್ರೆ ಹೊರದೇಶದ್ದು, ರೇಟು ಕೇಳಿದ್ರೆ ನೆಂಟರಿಗೆ ಬಿಸ್ಕತ್ತೇ ಸಾಕು ಅನ್ಸತ್ತೆ.

ಇನ್ನು ಬಾಂಡ್ಲಿ ಮೇಲಿನ ಕಂಪ್ಲೇಂಟು. ಭಾರ, ವಿಪರೀತ ಭಾರ. ಎಣ್ಣೆ ಹಾಕಿದ್ಮೇಲೆ ಒಬ್ರೇ ಎತ್ತೋ ಪ್ರಯತ್ನ ಮಾಡ್ಬೇಡಿ, ಎಣ್ಣೆ ಪೂರ್ತಿ ಆರೋವರ್ಗೂ ಒಲೆ ಮೇಲೇ ಬಿಡಿ, ಆರೋಕೂ ಬಹಳ ಹೊತ್ತು ಬೇಕು. ಕಿವಿ ಎರಡೂ ಅದೇ ಎರಕದ್ದಾಗಿರೋದ್ರಿಂದ ಸುಡ್ತಿರತ್ತೆ, ಮಸಿಬಟ್ಟೆ ದಪ್ಪಗೆ ಮಡಚ್ಕೊಂಡು ಹಿಡೀಬೇಕು, ಬಾಕ್ಸ್ ಜೊತೆ ಬಂದ ಸಿಲಿಕೋನ್ ಹಿಡಿ ಜಾರತ್ತೆ, ದಂಡ. ಕಾಯೋಕೆ ಮಧ್ಯಮ ಉರೀಲಿ ಹತ್ತು ನಿಮಿಷ ಹತ್ರ ಬೇಕು, ಗ್ಯಾಸ್ ಉರಿಯತ್ತೆ, ನಾಕು ಬಜ್ಜಿಗೋಸ್ಕರ ಇದನ್ನ ಒಲೆ ಮೇಲೆ ಇಡೋದ್ರಲ್ಲಿ ಅರ್ಥ ಇಲ್ಲ. 'ಮೊದ್ಲೇ ಪಳಗಿಸಿದ್ದು, ನೇರ ಬಳಸಬಹುದು' ಅಂತ ಬಾಕ್ಸ್ ಮೇಲೆ ದೊಡ್ಡದಾಗಿ ಹಾಕಿದಾರೆ, ನಂಬ್ಬೇಡಿ. ದೋಸೆ ಕಾವ್ಲಿ ಪಳಗಿಸೋ ಹಂಗೆ ಎಣ್ಣೆ ಸವರಿ ಕಾಯಿಸಿ ಆರಿಸಿ ಮತ್ತೆ ಸವರಿ ಕೆಲವು ಸಲ ಮಾಡೋವರ್ಗೂ ಟಿಶ್ಯೂಗೆ ಕಪ್ಪು ಹತ್ತೋದು ನಿಲ್ಲಲ್ಲ.

ತುಕ್ಕಿನ ವಿಷ್ಯ ನಮ್ ಕಡೆಯವ್ರು ಗಮನಿಸ್ಬೇಕು. ಹಾಸನ ಟೌನಲ್ಲಿ ಪರವಾಗಿಲ್ಲ, ಸಕಲೇಶಪುರದಲ್ಲಿರೋ ನಮ್ಮಕ್ಕನ ಮನೇಲಿ ಮಳೆಗಾಲದಲ್ಲಿ ಗೋಡೆನೇ ಒದ್ದೆ, ಅಲ್ಲಿ ತೊಳ್ದು ಹಂಗೇ ಬೋರಲು ಹಾಕಿದ್ರೆ ಬೆಳಗ್ಗೆ ಕೆಂಪಗೆ ಕೂತಿರತ್ತೆ. ತೊಳ್ದು ಒಲೆ ಮೇಲೆ ಎರಡು ನಿಮಿಷ ಕಾಯ್ಸಿ ನೀರಿನ ಪಸೆ ಹೋಗ್ಸಿ, ಹನಿ ಎಣ್ಣೆ ಸವರಿ, ಒಳಗೊಂದು ಪೇಪರ್ ಹಾಕಿ ಇಟ್ರೆ ಬರಲ್ಲ. ಹುಣಸೆಹುಳಿ, ಟೊಮೇಟೊ ಇದ್ರಲ್ಲಿ ಕುದಿಸ್ಲೇಬೇಡಿ, ಪಳಗಿದ್ದೆಲ್ಲ ಎದ್ದೋಗತ್ತೆ, ಸಾರಿಗೂ ಕಬ್ಬಿಣದ ವಾಸನೆ.

ದೊಡ್ಡ ಸಂಸಾರ, ಹಬ್ಬ ಹರಿದಿನಕ್ಕೆ ರಾಶಿ ಕರಿಯೋರು ಧೈರ್ಯವಾಗಿ ತಗೊಳಿ. ಇಬ್ರೇ ಇರೋ ಮನೆಗೆ, ಕೈನೋವು ಇರೋ ವಯಸ್ಸಾದವ್ರಿಗೆ ಬೇಡ, ಸಂತೇಲಿ ಸಿಗೋ ತಗಡಿನ ಕಬ್ಬಿಣದ ಬಾಂಡ್ಲಿ ಇದ್ರ ಕಾಲು ಭಾಗ ದುಡ್ಡಿಗೆ ಬರತ್ತೆ, ಎರಡೆರಡೇ ಬಿಲ್ಲೆ ಬಿಟ್ಕೊಂಡು ತಾಳ್ಮೆಯಿಂದ ಕರಿದ್ರೆ ಫ್ರಿಟರ್ ಅದ್ರಲ್ಲೂ ಗರಿಗರಿ ಆಗತ್ತೆ. ಇಂಡಕ್ಷನ್ ಒಲೆ ಇರೋರು ಮಾತ್ರ ಚಪ್ಪಟೆ ತಳದ್ದೇ ಹುಡುಕಿ, ಗುಂಡು ತಳದ್ದು ಅದ್ರ ಮೇಲೆ ಸರಿಯಾಗಿ ಕೂರಲ್ಲ, ಕಾಯೋದೂ ಇಲ್ಲ.